ಟೂಲ್ ರೂಮ್ ಹಿರಿಯರು ನಿವೃತ್ತಿ ಆಗುತ್ತಿದ್ದಾರೆ, ಅವರ ಕೆಲಸದ ತಿಳಿವಳಿಕೆ ಉಳಿಸಿಕೊಂಡವರು ಹೇಳಿ

ಪೀಣ್ಯ_ಪ್ರೆಸ್‌ಶಾಪ್:
ಪೀಣ್ಯದಲ್ಲಿ ನಮ್ಮದು ಶೀಟ್ ಮೆಟಲ್ ಪ್ರೆಸ್ ಶಾಪ್, 40 ಜನ ಇದ್ದೇವೆ. ಡೈಗಳನ್ನು, ಅಂದರೆ ತಗಡು ಕತ್ತರಿಸಿ ಬಗ್ಗಿಸುವ ಅಚ್ಚುಗಳನ್ನು, ಮಾಡಿ ರಿಪೇರಿ ಮಾಡುವ ಟೂಲ್ ರೂಮ್ ನೋಡಿಕೊಳ್ಳುವ ಹಿರಿಯರು ಮಾರ್ಚ್‌ಗೆ ನಿವೃತ್ತಿ. ಯಾವ ಡೈಗೆ ಎಲ್ಲಿ ಶಿಮ್ (ಎತ್ತರ ಸರಿಮಾಡುವ ತೆಳು ತಗಡು) ಹಾಕಬೇಕು, ತಗಡಿನ ಸುರುಳಿ (ಕಾಯಿಲ್) ಗಟ್ಟಿ ಬಂದರೆ ಏನು ಬದಲಿಸಬೇಕು, ಎಲ್ಲ ಅವರಿಗೇ ಗೊತ್ತು. ಅರ್ಧ ಡೈಗಳಿಗೆ ಡ್ರಾಯಿಂಗ್ ಕೂಡ ಇಲ್ಲ. ನೀವು ಏನು ಮಾಡಿದಿರಿ?

ಬೊಮ್ಮಸಂದ್ರ_ಮಾಲೀಕ:
ದಯವಿಟ್ಟು ವಿಡಿಯೋ ಮಾಡಿಸಲು ಹೋಗಬೇಡಿ. ಒಬ್ಬ ಕನ್ಸಲ್ಟೆಂಟ್ ಬಂದು ಎಲ್ಲವನ್ನೂ ರೆಕಾರ್ಡ್ ಮಾಡಿ ಆ್ಯಪ್‌ಗೆ ಹಾಕಿಕೊಡುತ್ತೇನೆ ಅಂದ. 2.8 ಲಕ್ಷ ಕೊಟ್ಟೆ, ಜಿಎಸ್‌ಟಿ ಬೇರೆ. ವಿಡಿಯೋದಲ್ಲಿ ಕೈ ಕಾಣುತ್ತದೆ, ಅಷ್ಟೇ. ಪ್ರೆಸ್ ಹೊಡೆತದ (ಸ್ಟ್ರೋಕ್) ಸದ್ದು ಬದಲಾದಾಗ ಪ್ರೆಸ್ ಯಾಕೆ ನಿಲ್ಲಿಸಿದರು ಅಂತ ಅದರಲ್ಲಿ ಎಲ್ಲಿದೆ? ನಮ್ಮವರು ಹೋದ ಮೇಲೆ ಹಂತ ಹಂತವಾಗಿ ಕೆಲಸ ಮಾಡುವ ಪ್ರೋಗ್ರೆಸಿವ್ ಡೈಯಲ್ಲಿ ಕತ್ತರಿಸಿದ ತುಂಡು (ಸ್ಲಗ್) ಮೇಲೆ ಬಂದು ಪಂಚ್ ಮುರಿಯಿತು. ಡಿ2 ಟೂಲ್ ಸ್ಟೀಲಿನ ಇನ್ಸರ್ಟ್, ವೈರ್ ಕಟ್, ಹೀಟ್ ಟ್ರೀಟ್‌ಮೆಂಟ್ ಸೇರಿ 38,000. ಗಿರಾಕಿಯ ಲೈನ್ ನಿಂತಿದ್ದಕ್ಕೆ 1,12,000ದ ಡೆಬಿಟ್ ನೋಟ್, ಅಂದರೆ ನಮ್ಮ ಬಿಲ್ಲಲ್ಲಿ ಕಡಿತ. ಪಾರ್ಟ್‌ಗಳನ್ನು ರಾತ್ರೋರಾತ್ರಿ ಚೆನ್ನೈಗೆ ಕಳಿಸಿದ ಟ್ಯಾಕ್ಸಿ 14,500. ಆಮೇಲೆ ಹಿರಿಯರನ್ನೇ ಕರೆದೆ. ತಿಂಗಳಿಗೆ 25,000, ವಾರಕ್ಕೆ ಎರಡು ದಿನ, ಮನೆಯಿಂದ ಕರೆತರಲು ಗಾಡಿ. ಇವತ್ತಿಗೂ ಬರುತ್ತಾರೆ. ನಾನು ಮಾಡಿದ್ದೇ ಸರಿ.

ಉದ್ಯಮಬಾಗ್_ಫೌಂಡ್ರಿ:
ಬೆಳಗಾವಿಯಿಂದ. ನಮ್ಮದು ಎರಕದ ಕಾರ್ಖಾನೆ, ಅಚ್ಚು ಕಟ್ಟುವ ಮರಳು ನೋಡುವ ಕಾಕಾ ಇದ್ದರು. ಮುಷ್ಟಿಯಲ್ಲಿ ಹಿಡಿದು ಮುರಿದು ನೋಡಿ 'ನೀರು ಕಡಿಮೆ' ಅನ್ನುತ್ತಿದ್ದರು. ಅವರು ಹೋದ ಮೇಲೆ ಮಾಯಿಶ್ಚರ್ ಮೀಟರ್ ತಂದೆವು. ರೀಡಿಂಗ್ ಸರಿ ಇದ್ದರೂ ಏಪ್ರಿಲ್, ಮೇನಲ್ಲಿ ರಿಜೆಕ್ಷನ್ ಏರುತ್ತಿತ್ತು. ಒಂದೇ ಪಂಪ್ ಬಾಡಿ ಆರ್ಡರಲ್ಲಿ 3.4 ಲಕ್ಷದ ಮಾಲು ಮತ್ತೆ ಫರ್ನೇಸ್‌ಗೆ ಹೋಯಿತು, ಕರೆಂಟ್ ಬಿಲ್ ಬೇರೆ. ಕಾರಣ ಏನು ಗೊತ್ತಾ? ವಾಪಸ್ ಬರುವ ಮರಳು ಬಿಸಿ ಇರುತ್ತದೆ. ಮಿಕ್ಸರ್ ಹತ್ತಿರ ನೀರು ಸರಿ ಇದ್ದರೂ ಮೋಲ್ಡಿಂಗ್‌ಗೆ ಬರುವಷ್ಟರಲ್ಲಿ ಆರಿ ಹೋಗುತ್ತದೆ. ಕಾಕಾ ಕೈಗೆ ಆ ಬಿಸಿ ತಿಳಿಯುತ್ತಿತ್ತು. ಈಗ ಮರಳಿನ ಬಿಸಿ, ನೀರು, ಪ್ಯಾಟರ್ನ್, ಯಾವ ಡಿಫೆಕ್ಟ್, ಎಲ್ಲ ಪಾಳಿಗೊಮ್ಮೆ ಬರೆಯುತ್ತೇವೆ. ವಿಡಿಯೋಗಿಂತ ಆ ಪುಸ್ತಕ ಎಷ್ಟೋ ಮೇಲು.

ಹಳೇ_ಟೂಲ್‌ಮೇಕರ್:
ಎಲ್ಲರೂ 'ಉಳಿಸಿಕೊಳ್ಳುವುದು' ಅಂತಲೇ ಬರೆಯುತ್ತಿದ್ದೀರಿ. ಆ ಮನುಷ್ಯನನ್ನು ಯಾರಾದರೂ ಕೇಳಿದಿರಾ? ನಾನು ವರ್ಷಗಟ್ಟಲೆ ಒಬ್ಬ ಹುಡುಗನನ್ನು ಕೊಡಿ ಅಂತ ಕೇಳಿದೆ. 'ಈಗ ಆರ್ಡರ್ ಇಲ್ಲ' ಅಂದರು. ಆರ್ಡರ್ ಬಂದಾಗ 'ಈಗ ಕಲಿಸಲು ಟೈಮಿಲ್ಲ' ಅಂದರು. ನಿವೃತ್ತಿಗೆ ತಿಂಗಳಿರುವಾಗ ನೋಟ್‌ಬುಕ್ ಕೊಟ್ಟು ಎಲ್ಲ ಬರೆದುಕೊಡಿ ಅಂದರು. ಗ್ರ್ಯಾಚುಟಿ 30 ದಿನದಲ್ಲಿ ಕೊಡಬೇಕು ಅಂತ ಕಾನೂನಿದೆ. ನನಗೆ ಸಿಕ್ಕಿದ್ದು ಲೇಬರ್ ಆಫೀಸಿಗೆ ಅಲೆದ ಮೇಲೆ. ಆ ಅಲೆದಾಟದ ಬಸ್ ಚಾರ್ಜು, ವಕೀಲರ 6,000 ಎಲ್ಲ ನನ್ನ ಜೇಬಿನಿಂದ. ಪ್ರಶ್ನೆ ಕೇಳಿದವರೇ, ನಿಮ್ಮ ಹಿರಿಯರಿಗೆ ಹೋದ ವರ್ಷ ಎಷ್ಟು ಇಂಕ್ರಿಮೆಂಟ್ ಕೊಟ್ಟಿರಿ, ಮೊದಲು ಅದನ್ನು ಹೇಳಿ.

ಬೊಮ್ಮಸಂದ್ರ_ಮಾಲೀಕ:
ಎಲ್ಲ ಮಾಲೀಕರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕಲಿಯುವಾಗ ನೀವು ಹಾಳು ಮಾಡಿದ ಸ್ಟೀಲಿಗೆ ದುಡ್ಡು ಕೊಟ್ಟವರು ಯಾರು?

ಹಳೇ_ಟೂಲ್‌ಮೇಕರ್:
ಅದೇ ಸ್ಟೀಲಿನಿಂದ ಬಂದ ಡೈಗಳು ಇವತ್ತಿಗೂ ಓಡುತ್ತಿವೆ ಸ್ವಾಮಿ. ಆ ಲಾಭ ಯಾರಿಗೆ ಹೋಯಿತು?

ಕ್ವಾಲಿಟಿ_ಕನ್ನಡಿಗ:
ಜಗಳ ಬಿಡಿ. ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6 ಅಂತ ಕಲಮೇ ಇದೆ, ಸಂಸ್ಥೆಯ ಜ್ಞಾನ ಕಾಪಾಡಿಕೊಳ್ಳಬೇಕು ಅಂತ. ನಾನು ಪ್ರತಿ ಡೈಗೆ ಹಿಸ್ಟರಿ ಕಾರ್ಡ್ ಮಾಡಿಸಿದ್ದೇನೆ. ಎಷ್ಟು ಸ್ಟ್ರೋಕ್ ಆದ ಮೇಲೆ ಗ್ರೈಂಡ್ ಮಾಡಿದರು, ಎಷ್ಟು ತೆಗೆದರು, ಶಿಮ್ ಎಷ್ಟು, ಬರ್ (ಕತ್ತರಿಸಿದ ಅಂಚಿನ ಚೂಪು) ಯಾವ ಕಡೆ ಎದ್ದಿತು.

ಬರೆದಿಡದಿದ್ದರೆ ಏನಾಗುತ್ತದೆ ನೋಡಿ. ಅಮೆರಿಕದ ಡಬ್ಲ್ಯೂ76 ಅಣ್ವಸ್ತ್ರಕ್ಕೆ ಫಾಗ್‌ಬ್ಯಾಂಕ್ ಅನ್ನುವ ಗುಟ್ಟಿನ ವಸ್ತು ಬೇಕು. ಟೆನೆಸಿಯ ಓಕ್ ರಿಜ್‌ನಲ್ಲಿ 1989ರವರೆಗೆ ಮಾಡಿ ನಿಲ್ಲಿಸಿದರು. 2000ದ ನಂತರ ಮತ್ತೆ ಬೇಕಾಯಿತು. ದಾಖಲೆ ಸಾಲದು, ಮಾಡಿದವರಲ್ಲಿ ಬಹುತೇಕ ಯಾರೂ ಇಲ್ಲ. ಹೊಸ ಘಟಕ ಕಟ್ಟಿದರೂ ವಸ್ತು ಸರಿ ಬರಲಿಲ್ಲ. ಹಳೆಯ ಕಚ್ಚಾ ಸಾಮಗ್ರಿಯಲ್ಲಿದ್ದ ಒಂದು ಕಲ್ಮಶವೇ ಕೆಲಸ ಮಾಡುತ್ತಿತ್ತಂತೆ, ಹೊಸ ವಿಧಾನ ಅದನ್ನು ತೊಳೆದು ಹಾಕುತ್ತಿತ್ತು. ಅದನ್ನು ಸರಿಪಡಿಸಲು ಕೋಟಿಗಟ್ಟಲೆ ಡಾಲರ್ ಸುರಿದರು.

ಹಳೇ_ಟೂಲ್‌ಮೇಕರ್:
ಆ ಕಲ್ಮಶದ ವಿಷಯ ಹಿಂದೆ ಮಾಡಿದವರಿಗೂ ಗೊತ್ತಿರಲಿಲ್ಲ, ನಾನೂ ಓದಿದ್ದೇನೆ. ಗೊತ್ತಿಲ್ಲದ್ದನ್ನು ನಿಮ್ಮ ಕಾರ್ಡಿನಲ್ಲಿ ಯಾರು ಬರೆಯುತ್ತಿದ್ದರು? ಆಡಿಟ್ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿದ ಕಾರ್ಡುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಉದ್ಯಮಬಾಗ್_ಫೌಂಡ್ರಿ:
ಅದಕ್ಕೇ ನಾನು ಹೇಳಿದ್ದು, ಮುಖ್ಯ ಅಂತ ಅನ್ನಿಸದೇ ಇದ್ದದ್ದನ್ನೂ ಬರೆಯಬೇಕು. ಬಿಸಿ ಮುಖ್ಯ ಅಂತ ನಮಗೂ ಗೊತ್ತಿರಲಿಲ್ಲ. ಪುಟ ತಿರುಗಿಸಿ ನೋಡಿದಾಗ ಗೊತ್ತಾಯಿತು.

ಪೀಣ್ಯ_ಪ್ರೆಸ್‌ಶಾಪ್:
ಹಿರಿಯರೇ, ನೀವು ಕೇಳಿದ ಇಂಕ್ರಿಮೆಂಟ್ ವಿಷಯ ಪರ್ಸನಲ್ ಆಗಿ ಬರೆಯುತ್ತೇನೆ. ಡ್ರಾಯಿಂಗ್ ಇಲ್ಲದ ಡೈಗಳನ್ನು ಏನು ಮಾಡಲಿ?

ಅಪ್ರೆಂಟಿಸ್_ಪರ:
ಡ್ರಾಯಿಂಗ್ ಆಮೇಲೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ, ಕನಿಷ್ಠ ನೂರಕ್ಕೆ ಎರಡೂವರೆ. ನಿಮ್ಮ ಲೆಕ್ಕಕ್ಕೆ ಒಬ್ಬ. ನಾನು ಇಬ್ಬರನ್ನು ತೆಗೆದುಕೊಂಡೆ. ಡೈ ಬಿಚ್ಚಿ, ಎಲ್ಲಿ ತಾಗುತ್ತದೆ ಅಂತ ನೋಡಲು ನೀಲಿ ಬಣ್ಣ (ಬ್ಲೂ) ಹಚ್ಚಿ, ಮತ್ತೆ ಜೋಡಿಸುವುದನ್ನು ಹಿರಿಯರ ಪಕ್ಕ ನಿಂತು ಕಲಿತರು. ಡ್ರಾಯಿಂಗ್ ಇಲ್ಲದ ಡೈಗಳನ್ನು ಅಳೆದು ಕ್ಯಾಡ್‌ಗೆ ಹಾಕಿದ್ದೂ ಅವರೇ. ಜಿಟಿಟಿಸಿಯಿಂದ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಡಿಪ್ಲೊಮಾ ಮಾಡಿ ಬಂದ ಹುಡುಗರಾದರೆ ಇನ್ನೂ ಒಳ್ಳೆಯದು, ಐಟಿಐಯವರಿಗೆ ಮೈಕ್ರೋಮೀಟರಿನಿಂದ ಶುರು ಮಾಡಬೇಕು.

ಫಿಟ್ಟರ್_ತುಮಕೂರು:
ಐಟಿಐ ಅಂದರೆ ಅಷ್ಟು ಸಸಾರವಾ? ನಾನು ಐಟಿಐ ಫಿಟ್ಟರ್. ಇವತ್ತು ಮೂರು ಪ್ರೆಸ್‌ಗಳ ಸೆಟ್ಟಿಂಗ್ ನನ್ನದೇ. ನಿಮ್ಮ ಡಿಪ್ಲೊಮಾ ಹುಡುಗರು ಕಲಿತ ತಕ್ಷಣ ಬೇರೆ ಕಡೆ ಹೋಗುತ್ತಾರೆ, ಅದನ್ನೂ ಬರೆಯಿರಿ.

ಅಪ್ರೆಂಟಿಸ್_ಪರ:
ಇಬ್ಬರಲ್ಲಿ ಒಬ್ಬ ಹೋದ, ನಿಜ. 4,000 ಜಾಸ್ತಿ ಕೊಟ್ಟರಂತೆ. ಒಬ್ಬ ಉಳಿದಿದ್ದಾನೆ, ನನಗೆ ಅಷ್ಟು ಸಾಕು.

ಬೊಮ್ಮಸಂದ್ರ_ಮಾಲೀಕ:
4,000ಕ್ಕೆ ಬಿಟ್ಟುಕೊಟ್ಟಿರಾ? ಅವನನ್ನು ತಯಾರು ಮಾಡಲು ನಿಮಗೆ ಎಷ್ಟು ಖರ್ಚಾಯಿತು, ಆ ಲೆಕ್ಕ ಹಾಕಿ ನೋಡಿದಿರಾ?