ಗಾಜಿನ ಲೋಟ, ರಬ್ಬರ್ ಸ್ಟಾಂಪು ಮತ್ತು ಅಜ್ಜಿಯ ಹಂಡೆ

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಅರಸೀಕೆರೆ ಮಾವ ಬೆಳಿಗ್ಗೆ ಬೆಳಿಗ್ಗೆಯೇ ಒಂದು ವಿಡಿಯೊ ಹಾಕಿದರು. ರಬ್ಬರ್ ಸ್ಟಾಂಪಿಗೆ ಬಿಳಿ ಕ್ರೀಮ್ ಸವರಿ ಗಾಜಿನ ಲೋಟಕ್ಕೆ ಒತ್ತುತ್ತಾರೆ, ಸ್ವಲ್ಪ ಕಾದು ತೊಳೆಯುತ್ತಾರೆ. ಲೋಟದ ಮೇಲೆ ಹೂಬಳ್ಳಿ ಮಸುಕಾಗಿ ಮೂಡಿರುತ್ತದೆ. ಕೆಳಗೆ ಹೀಗಿತ್ತು: "ಆಸಿಡ್ ಇಲ್ಲ, ಕೆಮಿಕಲ್ ಇಲ್ಲ, ಪೂರ್ತಿ ನ್ಯಾಚುರಲ್. ಕ್ರೀಮ್ ಸಿಗದಿದ್ದರೆ ಟೂತ್‌ಪೇಸ್ಟಿಗೆ ನಿಂಬೆರಸ ಕಲಸಿ. ಮಕ್ಕಳೂ ಮಾಡಬಹುದು. ಹತ್ತು ಜನಕ್ಕೆ ಕಳಿಸಿ."

ಮಾವ ಹಾಸನದಲ್ಲಿ ಮನೆ ಕಟ್ಟಿಸಿದ್ದಾರೆ. ಗೃಹಪ್ರವೇಶ ಹತ್ತಿರ ಬಂದಿದೆ. "ರಿಟರ್ನ್ ಗಿಫ್ಟಿಗೆ ಗಾಜಿನ ಲೋಟ, ಮೇಲೆ ಮನೆ ಹೆಸರು. ಹೇಗಿದೆ ಐಡಿಯಾ?" ಅಂತ ಕೇಳಿದರು. ಸಾಲಾಗಿ ಹೆಬ್ಬೆರಳು ಬಂದವು. ಅವರಲ್ಲಿ ಅರ್ಧ ಜನರ ಫೋನಿನಲ್ಲಿ ವಿಡಿಯೊ ಇನ್ನೂ ಇಳಿದೇ ಇರಲಿಲ್ಲ ಅಂತ ನನ್ನ ಅನುಮಾನ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ರಘು ಎದ್ದ.

"ಸೋರ್ಸ್ ಏನು ಮಾವ?"

"ವಿಡಿಯೊನೇ ಇದೆಯಲ್ಲಪ್ಪ. ಕಣ್ಣಿಗೇ ಕಾಣ್ತಿದೆಯಲ್ಲ."

"ಕಾಣ್ತಿರೋದು ಕ್ರೀಮು. ಅದರೊಳಗೆ ಏನಿದೆ ಅಂತ ಡಬ್ಬಿ ಮೇಲೆ ಓದಿದ್ರಾ?"

"ನಿನಗೆ ಎಲ್ಲದರಲ್ಲೂ ಹುಳುಕೇ ಕಾಣೋದು. ನಾನು ಮೆಂತ್ಯದ ನೀರಿನದ್ದು ಹಾಕಿದಾಗಲೂ ಹೀಗೇ ಮಾಡಿದ್ದೆ." ಇದು ಅತ್ತೆ, ಮಾವನ ಫೋನಿನಿಂದಲೇ.

ಮೆಂತ್ಯದ ನೀರು ಅರ್ಧ ಗಂಟೆ ತಿಂದಿತು. ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಆಮೇಲೆ ಬೇಲೂರಿನಿಂದ ದೊಡ್ಡಪ್ಪ ಬಂದರು. ರಿಟೈರ್ಡ್ ಹೆಡ್‌ಮಾಸ್ಟರು. ಅವರ ಮೆಸೇಜು "ಪ್ರೀತಿಯ ಬಂಧುಗಳೇ" ಅಂತ ಶುರುವಾಗುತ್ತದೆ, ಕೊನೆಗೆ "ಇಂತಿ" ಅಂತ ಹೆಸರೂ ಇರುತ್ತದೆ.

"ಕಲ್ಲಿನಲ್ಲಿ ಮದನಿಕೆಯರನ್ನು ಕಡೆದ ನಾಡಿನವರು ನಾವು. ಈಗ ಸ್ಟಾಂಪು ಒತ್ತಿ ಕಲೆ ಅನ್ನುವ ಕಾಲ ಬಂತು. 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಆ ಗುಡಿಯ ಶಿಲ್ಪಿಗಳು ಎಲ್ಲಾದರೂ ತಮ್ಮ ಹೆಸರು ಹಾಕಿಕೊಂಡರೇ? ನಮಗೆ ಲೋಟದ ಮೇಲೂ ಹೆಸರು ಬೇಕು."

"ಹಾಕಿಕೊಂಡಿದ್ದಾರೆ ದೊಡ್ಡಪ್ಪ," ಅಂದ ರಘು. "ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಮದನಿಕೆಗಳ ಪೀಠದಲ್ಲೇ ಕೆತ್ತಿದ್ದಾರೆ. ನಿಮ್ಮ ಮನೆಯಿಂದ ನಡ್ಕೊಂಡು ಹೋಗಿ ನೋಡಬಹುದು."

ರಘು ಹೇಳಿದ್ದು ಸರಿಯೇ. ಆದರೆ ಆ ಕೊನೆಯ ಸಾಲು ಬೇಕಿರಲಿಲ್ಲ.

"ನಾನು ಮಕ್ಕಳನ್ನು ಆ ಗುಡಿಗೆ ಕರೆದುಕೊಂಡು ಹೋಗುವಾಗ ನೀನು ಹುಟ್ಟಿರಲಿಲ್ಲ."

"ಹುಟ್ಟಿದ್ನೋ ಇಲ್ವೋ, ಶಾಸನ ಇತ್ತಲ್ಲ."

"ಹಿರಿಯರ ಹತ್ತಿರ ಹೀಗಾ ಮಾತಾಡೋದು?" ಅಂತ ಮೂರು ಕಡೆಯಿಂದ ಬಂತು. ಒಬ್ಬರಂತೂ ವಿಷಯ ಏನು ಅಂತಲೇ ತಿಳಿಯದೆ ಬರೆದಿದ್ದರು. ಒಂದು ಮೆಸೇಜಿನ ಕೆಳಗೆ "ಹ್ಯಾಪಿ ಬರ್ತ್‌ಡೇ ರಘು" ಅಂತಲೂ ಇತ್ತು. ಅವತ್ತು ಅವನ ಹುಟ್ಟುಹಬ್ಬ ಆಗಿರಲಿಲ್ಲ.

ಇಂಥ ಹೊತ್ತಿಗೆ ಮಂಜಣ್ಣ ಬರುವುದು ವಾಡಿಕೆ. "ಹೆಸರು ಅಂದಾಗ ನೆನಪಾಯ್ತು. ಕಟ್ಟಿನಕೆರೆ ಮಾರ್ಕೆಟ್ ಕಡೆ ಪಾತ್ರೆ ಅಂಗಡಿಯಲ್ಲಿ ಟರ್ರ್ ಅಂತ ಮಷಿನ್ನಲ್ಲಿ ಹೆಸರು ಹಾಕ್ತಿದ್ರಲ್ಲ. ಅಜ್ಜ ಚೀಟಿಲಿ ಬರೆದು ಕೊಡೋರು, ಅವನು ಚುಕ್ಕಿ ಚುಕ್ಕಿ ಹೊಡೆಯೋನು. ನನ್ನ ತಟ್ಟೇಲಿ ಜು ಹಾಕೋ ಕಡೆ ಕೊಂಬು ಮರೆತುಬಿಟ್ಟಿದ್ದ. ಇವತ್ತಿಗೂ ನಾನು ಮಂಜನಾಥನೇ." ತಟ್ಟೆಯ ಫೋಟೊ ಕೂಡ ಹಾಕಿದರು. ತಟ್ಟೆಯಲ್ಲಿ ಅರ್ಧ ತಿಂದ ಅಕ್ಕಿರೊಟ್ಟಿ ಇತ್ತು, ಹೆಸರು ರೊಟ್ಟಿಯ ಕೆಳಗೆ ಹೋಗಿತ್ತು.

ಮಂಜಣ್ಣನದು ಒಳ್ಳೆ ಮನಸ್ಸು. ಆದರೆ ಹೆಸರು, ಪಾತ್ರೆ ಎರಡನ್ನೂ ಒಂದೇ ಮೆಸೇಜಿನಲ್ಲಿ ಹಾಕಬಾರದಿತ್ತು. ಗುಂಪಿನಲ್ಲಿ ಹಬ್ಬಕ್ಕೂ ಬರೆಯದ ದೊಡ್ಡಮ್ಮ ಬರೆದರು.

"ಹೆಸರಿದ್ದರೆ ಏನು ಬಂತು ಮಂಜು. ಅತ್ತೆಯ ತಾಮ್ರದ ಹಂಡೆ ಮೇಲೂ ಹೆಸರಿತ್ತು. ಈಗ ಯಾರ ಬಚ್ಚಲಲ್ಲಿದೆ?"

ದೊಡ್ಡಮ್ಮನ ಅತ್ತೆ ಅಂದರೆ ನಮ್ಮ ಅಜ್ಜಿ. ಹಂಡೆ ಯಾರ ಬಚ್ಚಲಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಸಕಲೇಶಪುರದ ಚಿಕ್ಕಮ್ಮ ತಡಮಾಡಲಿಲ್ಲ. "ಅತ್ತೆ ಬಾಯಾರೆ ಹೇಳಿ ಕೊಟ್ಟಿದ್ದು ಅಕ್ಕ. ನಾನಾಗಿ ಕೇಳಿದವಳಲ್ಲ."

ರಘು "ಸೋರ್ಸ್?" ಅಂತ ಹಾಕಿ ಡಿಲೀಟ್ ಮಾಡಿದ. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಆ ದಿನ ಬಂದ ಕೆಲಸಕ್ಕೆ ಬರುವ ಮಾತು ಒಂದೇ, ಅದೂ ಈ ಹಂಡೆಯ ಮಧ್ಯೆ ಬಂದು ಬಿತ್ತು. ಬರೆದವಳು ಪುಟ್ಟಿ, ಚಿಕ್ಕಮ್ಮನ ಮಗಳು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಾಳೆ.

"ಮಾವ, ಗಾಜಲ್ಲಿ ಜಾಸ್ತಿ ಇರೋದು ಸಿಲಿಕಾ. ನಿಂಬೆಹಣ್ಣು ಅದನ್ನ ಏನೂ ಮಾಡಲ್ಲ. ಸಲ್ಫ್ಯೂರಿಕ್ ಆಸಿಡ್ಡನ್ನೇ ನಾವು ಗಾಜಿನ ಬಾಟಲಲ್ಲಿ ಇಡ್ತೀವಿ. ಗಾಜು ತಿನ್ನೋದು ಹೈಡ್ರೋಫ್ಲೋರಿಕ್ ಆಸಿಡ್. ಈ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಅಮೋನಿಯಂ ಬೈಫ್ಲೋರೈಡ್ ಥರದ್ದು ಇರುತ್ತೆ, ನೀರಿನ ಜೊತೆ ಅದರಿಂದ ಆ ಆಸಿಡ್ಡೇ ಹುಟ್ಟೋದು. ಅದಕ್ಕೇ ಡಬ್ಬಿ ಪ್ಲಾಸ್ಟಿಕ್ಕಿಂದು. ಕೈಗೆ ತಾಗಿದರೆ ಒಂದೊಂದ್ಸಲ ತಕ್ಷಣ ಉರಿಯೋದೇ ಇಲ್ಲ. ಎಷ್ಟೋ ಗಂಟೆ ಆದ ಮೇಲೆ ನೋವು ಶುರುವಾಗುತ್ತೆ, ಅಷ್ಟರಲ್ಲಿ ಚರ್ಮದೊಳಗೆ ಇಳಿದು ಕ್ಯಾಲ್ಸಿಯಂ ಹಿಡಿದಿರುತ್ತೆ. ತಾಗಿದರೆ ಕೂಡಲೇ ನಲ್ಲಿ ಕೆಳಗೆ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚುತ್ತಾರೆ. ಮಕ್ಕಳ ಕೈಗಂತೂ ಕೊಡಲೇಬೇಡಿ."

ಅತ್ತೆಯ ಉತ್ತರ: "ಕ್ಯಾಲ್ಸಿಯಂಗೆ ರಾಗಿ ಒಳ್ಳೇದು."

ಮಾವ ಮಾತ್ರ ಒಂದು ಒಳ್ಳೆ ಪ್ರಶ್ನೆ ಕೇಳಿದರು. "ಪೇಸ್ಟಿನಲ್ಲೂ ಫ್ಲೋರೈಡ್ ಇರುತ್ತಲ್ಲಮ್ಮ?"

"ಇರುತ್ತೆ ಮಾವ. ಸಾವಿರಕ್ಕೆ ಒಂದು ಪಾಲಿನ ಆಸುಪಾಸು. ಗಾಜಿನ ಮೇಲೆ ಡಿಸೈನ್ ಮೂಡಿಸೋಕೆ ಅದು ಸಾಲಲ್ಲ."

"ನಾನು ಬೆಳಿಗ್ಗೆಯೇ ಹೇಳಿದ್ದೆ," ಅಂದ ರಘು. ಅವನು ಹೇಳಿದ್ದು ಏನೂ ಇಲ್ಲ, ಬರೀ ಕೇಳಿದ್ದ.

"ಪುಟ್ಟಿ ಹೇಳಿದರೆ ಕೇಳ್ತೀನಿ. ನೀನು ಸುಮ್ನಿರು," ಅಂತ ಮಾವ ಒಂದು ಫೋಟೊ ಹಾಕಿದರು. ಅಳಿಯ ಆನ್‌ಲೈನಲ್ಲಿ ಕ್ರೀಮ್ ಆಗಲೇ ತರಿಸಿಬಿಟ್ಟಿದ್ದ. ಪಕ್ಕದಲ್ಲಿ ಮನೆ ಹೆಸರಿನ ಸ್ಟಾಂಪು, ಅದೂ ಮಾಡಿಸಿಯಾಗಿತ್ತು. 'ಶ್ರೀನಿಲಯ' ಅಂತ ಸಣ್ಣ ಅಕ್ಷರ, ಸುತ್ತ ಎರಡು ಗೆರೆ, ಥೇಟ್ ಸೊಸೈಟಿ ಸೀಲು. ಮಂಜಣ್ಣ ಕೇಳಿಯೇಬಿಟ್ಟರು, "ಲೋಟದ ಕೆಳಗೆ ಕಾರ್ಯದರ್ಶಿ ಸಹಿನೂ ಇರುತ್ತಾ?"

ಪುಟ್ಟಿ ಕಾಲೇಜಿನ ಎಕ್ಸಿಬಿಷನ್ನಿಗೆ ಒಮ್ಮೆ ಇದನ್ನು ಮಾಡಿದ್ದಳಂತೆ. ಕ್ರೀಮ್ ದಪ್ಪ, ಇಂಥ ಸಣ್ಣ ಅಕ್ಷರದ ಸಂದಿಗೆಲ್ಲ ತುಂಬಿಕೊಳ್ಳುತ್ತದೆ, ಶ್ರೀಯ ಒತ್ತು ಬರೀ ಗುಂಡಗೆ ಮಚ್ಚೆ ಬಿದ್ದಂತೆ ಆಗುತ್ತದೆ ಅಂದಳು. ದಪ್ಪ ಗೆರೆಯ ಎಲೆ, ಹೂವಾದರೆ ಸರಿ. ಕ್ರೀಮನ್ನು ಸ್ಪಾಂಜಿನಲ್ಲಿ ತೆಳ್ಳಗೆ ತಟ್ಟಬೇಕು. ಗಾಜಿನ ಮೇಲೆ ಸ್ಟಾಂಪು ಜಾರುತ್ತದೆ, ಒತ್ತಿ ನೆಟ್ಟಗೆ ಎತ್ತಬೇಕು. ಬೆರಳಿನ ಜಿಡ್ಡಿದ್ದ ಕಡೆ ಸರಿಯಾಗಿ ಹಿಡಿಯುವುದಿಲ್ಲ. ಇನ್ನೊಂದು ಮಾತು ನನಗೆ ಹೊಸದು. ತೊಳೆದ ತಕ್ಷಣ ಲೋಟ ಒದ್ದೆ ಇರುವಾಗ ಡಿಸೈನ್ ಕಾಣುವುದೇ ಇಲ್ಲವಂತೆ. ಕೆಟ್ಟಿತು ಅಂದುಕೊಂಡು ಜನ ಮತ್ತೆ ಮೇಲೆ ಒತ್ತಿ ಹಾಳು ಮಾಡುತ್ತಾರೆ. ಒರೆಸಿ ಒಣಗಿದ ಮೇಲೆ ನಿಧಾನಕ್ಕೆ ಬೆಳ್ಳಗೆ ಏಳುತ್ತದೆ.

ಇದನ್ನು ಎಷ್ಟು ಜನ ಓದಿದರೋ ಗೊತ್ತಿಲ್ಲ. ದೊಡ್ಡಪ್ಪ ಮಾತ್ರ "ಉತ್ತಮ ಮಾಹಿತಿ. ದಾಸೋಜನ ವಿಷಯ ಪರಿಶೀಲಿಸುತ್ತೇನೆ. ಇಂತಿ" ಅಂತ ಬರೆದರು.

"ಡಬ್ಬಿ ಮುಚ್ಚಳ ತೆಗೀಬೇಡಿ ಮಾವ," ಅಂದಳು ಪುಟ್ಟಿ. "ಭಾನುವಾರ ಗ್ಲೌಸು, ಕನ್ನಡಕ ತಗೊಂಡು ಅಮ್ಮನ ಜೊತೆ ನಾನೇ ಬರ್ತೀನಿ. ಹೊರಗೆ ಗಾಳಿ ಆಡೋ ಕಡೆ ಒಂದು ಹಳೇ ಲೋಟಕ್ಕೆ ಮಾಡಿ ನೋಡೋಣ. ಸರಿ ಬರದಿದ್ದರೆ ಸ್ಟೀಲ್ ಡಬ್ಬಿಗೆ ಹೆಸರು ಹಾಕಿಸಿ."

"ಕಾರಲ್ಲಿ ಬರ್ತೀರಾ?" ಅಂತ ದೊಡ್ಡಮ್ಮ ಕೇಳಿದರು.

"ಹೌದು ದೊಡ್ಡಮ್ಮ."

"ಹಾಗಾದ್ರೆ ಹಂಡೆನೂ ಹಾಕ್ಕೊಂಡು ಬಾ."

ಉತ್ತರ ಚಿಕ್ಕಮ್ಮನಿಂದ ಬಂತು. "ಡಿಕ್ಕೀಲಿ ಸ್ಟೆಪ್ನಿ ಇದೆ ಅಕ್ಕ. ಜಾಗ ಇಲ್ಲ."