ರಾತ್ರಿಗೆ 800 ರೂಪಾಯಿ: ವಿಯೆಟ್ನಾಂ, ಥಾಯ್ಲೆಂಡ್, ಮಲೇಷ್ಯಾದಲ್ಲಿ ಎಲ್ಲಿ ಮಲಗೋದು?

ಕೇಳ್ತಿರೋದು ಮಂಡ್ಯದಿಂದ:

ನಾನು, ನನ್ನ ಕಾಲೇಜ್ ಗೆಳೆಯ, ಇಬ್ಬರೂ ಜನವರಿ ಕೊನೇಲಿ ಹೊರಟಿದ್ದೀವಿ. ಬೆಂಗಳೂರಿಂದ ಹನೋಯ್, ಅಲ್ಲಿಂದ ಕೆಳಗಿಳೀತಾ ಬ್ಯಾಂಕಾಕ್, ಕೊನೆಗೆ ಕ್ವಾಲಾಲಂಪುರದಿಂದ ವಾಪಸ್. ಒಟ್ಟು 24 ದಿನ. ಫ್ಲೈಟ್ ಟಿಕೆಟ್ ಆಗಿದೆ. ಮಲಗೋಕೆ ತಲೆಗೆ ರಾತ್ರಿಗೆ 800 ರೂಪಾಯಿ ಮೇಲೆ ಆಗಲ್ಲ. ಎಲ್ಲರೂ ಡಾರ್ಮಿಟರಿ ಅಂತಾರೆ. ಗುರುತು ಪರಿಚಯ ಇಲ್ಲದ ಎಂಟು ಜನರ ಜೊತೆ ಒಂದೇ ರೂಮು ಅಂದಿದ್ದಕ್ಕೆ ಅಮ್ಮ ಎರಡು ದಿನದಿಂದ ಮುಖ ಕೊಟ್ಟು ಮಾತಾಡ್ತಿಲ್ಲ. 24 ರಾತ್ರಿಗೂ ಮುಂಚೇನೇ ಬುಕ್ ಮಾಡ್ಬೇಕಾ? ಏರ್‌ಪೋರ್ಟಲ್ಲಿ ಮಲಗಿದ್ರೆ ಎಬ್ಬಿಸಿ ಕಳಿಸ್ತಾರಾ? ರೀಲ್ಸ್ ನೋಡಿ ನೋಡಿ ತಲೆ ಕೆಟ್ಟಿದೆ, ಹೋಗಿಬಂದೋರು ಹೇಳಿ.

ಮೈಸೂರು, ಕುವೆಂಪುನಗರದಿಂದ:

ಮೇಲುಕೋಟೆ ವೈರಮುಡಿಗೆ ಹೋದಾಗ ಛತ್ರದಲ್ಲಿ ಚಾಪೆ ಹಾಸಿ ನಲವತ್ತು ಜನರ ಮಧ್ಯೆ ಮಲಗಿದ್ರಲ್ವಾ ಅಂತ ಅಮ್ಮನಿಗೆ ಜ್ಞಾಪಿಸಿ. ಡಾರ್ಮ್ ಅಂದ್ರೆ ಅದೇ. ಅದರ ಜೊತೆಗೆ ಒಂದು ಪರದೆ, ಒಂದು ಲಾಕರ್, ಚಾರ್ಜರಿಗೆ ಒಂದು ಪ್ಲಗ್ಗು. ಚಿಕ್ಕಪ್ಪನ ಗೊರಕೆ ಬದಲು ಜರ್ಮನಿಯವನ ಗೊರಕೆ.

ನಾನು 2023ರಲ್ಲಿ ಒಬ್ಬಳೇ ಐದು ವಾರ ಸುತ್ತಿದ್ದು ಹೆಚ್ಚುಕಮ್ಮಿ ನಿಮ್ಮ ದಾರೀಲೇ. ಹನೋಯ್ ಹಳೇ ಪೇಟೆಯಲ್ಲಿ ಎಂಟು ಹಾಸಿಗೆ ಡಾರ್ಮಿಗೆ 6 ಡಾಲರ್ ಕೊಟ್ಟೆ, ಬೆಳಿಗ್ಗೆ ಬ್ರೆಡ್ಡು ಮೊಟ್ಟೆ ಅದರಲ್ಲೇ ಬಂತು. ಬ್ಯಾಂಕಾಕಲ್ಲಿ 350 ಬಾತ್, ಮಲೇಷ್ಯಾದ ಪೆನಾಂಗಲ್ಲಿ 38 ರಿಂಗಿಟ್. ಈಗ ಡಾಲರೂ ಏರಿದೆ, ಬಾತೂ ಏರಿದೆ. 800 ಅನ್ನೋದನ್ನ ದಿನದ ಲೆಕ್ಕ ಮಾಡ್ಬೇಡಿ, 24 ರಾತ್ರಿಗೆ ಒಟ್ಟು 19,200 ಅಂತ ಇಟ್ಕೊಳ್ಳಿ. ವಿಯೆಟ್ನಾಮಲ್ಲಿ ಉಳಿದದ್ದು ಬ್ಯಾಂಕಾಕಲ್ಲಿ ಖರ್ಚಾಗುತ್ತೆ.

ಆರಿಸೋವಾಗ ನಾನು ಸ್ಟಾರ್ ನೋಡಲ್ಲ. ಹೋದ ಎರಡು ತಿಂಗಳಲ್ಲಿ ಬರೆದಿರೋ ವಿಮರ್ಶೆ ಮಾತ್ರ ಓದ್ತೀನಿ, ಅದರಲ್ಲೂ ಬೈದಿರೋದನ್ನ. ಬಿಸಿನೀರು ಬರಲ್ಲ ಅಂದ್ರೆ ಪರವಾಗಿಲ್ಲ. ತಿಗಣೆ ಅನ್ನೋ ಪದ ಒಂದೇ ಒಂದು ಸಲ ಕಂಡ್ರೂ ಆ ಜಾಗ ಬಿಟ್ಟೆ. ಸಂಜೆ ಪುಕ್ಕಟೆ ಬಿಯರ್ ಅಂತ ಹಾಕಿರ್ತಾರಲ್ಲ, ಅಲ್ಲಿ ರಾತ್ರಿ ಎರಡರ ತನಕ ಗೋಡೆ ನಡುಗುತ್ತೆ, ತಿಳಿದು ಹೋಗಿ.

ಒಳಗೆ ಹೋದ ತಕ್ಷಣ ಬ್ಯಾಗನ್ನ ಹಾಸಿಗೆ ಮೇಲೆ ಇಡ್ಬೇಡಿ, ಬಾತ್‌ರೂಮಲ್ಲಿಡಿ. ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಹೊಲಿಗೆ ಉದ್ದಕ್ಕೂ ಬೆರಳಲ್ಲಿ ಬಿಡಿಸಿ ನೋಡಿ, ತಲೆದಿಂಬಿನ ಕಡೆ ಮೂಲೆಗಳನ್ನ ಮುಖ್ಯವಾಗಿ. ಪೆನ್ನಿನ ಮಸಿ ಚುಕ್ಕಿ ಇಟ್ಟ ಹಾಗೆ ಕಪ್ಪು ಕಲೆ ಸಾಲಾಗಿದ್ರೆ ತಿಗಣೆ ಇದೆ ಅಂತಲೇ ಅರ್ಥ. ಕ್ವಾಲಾಲಂಪುರದ ಒಂದು ಕಡೆ ರಾತ್ರಿ ಹನ್ನೊಂದಕ್ಕೆ ಸುಸ್ತಾಗಿ ಬಂದು ಇದೊಂದು ದಿನ ನೋಡದೆ ಮಲಗಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಮೂರು ಮೂರರ ಸಾಲಲ್ಲಿ ಕಚ್ಚಿತ್ತು. ವಾಪಸ್ ಬಂದ ಮೇಲೆ ಅಮ್ಮ ನನ್ನ ಬ್ಯಾಗನ್ನ ಮಹಡಿ ಬಿಸಿಲಲ್ಲಿ ಒಂದು ವಾರ ಇಟ್ಟಿದ್ರು, ಬಟ್ಟೆಗೆಲ್ಲ ಕುದಿಯೋ ನೀರು. ಒಂದರ ಮೇಲೊಂದು ಮಂಚ ಇದ್ರೆ ಕೆಳಗಿನದು ಕೇಳಿ. ಬಾಗಿಲ ಪಕ್ಕ ಬೇಡ, ಏಸಿಯ ನೇರಕ್ಕಂತೂ ಬೇಡವೇ ಬೇಡ.

ಎಲ್ಲಾ ಮುಂಚೇನೇ ಬುಕ್ ಮಾಡ್ಬೇಡಿ. ಪ್ರತಿ ದೇಶದಲ್ಲಿ ಮೊದಲ ಎರಡು ರಾತ್ರಿ ಮಾತ್ರ, ಪುಕ್ಕಟೆ ಕ್ಯಾನ್ಸಲ್ ಇರೋದು. ಅದಂತೂ ಬೇಕೇ ಬೇಕು. ವಿಯೆಟ್ನಾಂ ಇ-ವೀಸಾ ಅರ್ಜಿಯಲ್ಲಿ ಉಳಿಯೋ ವಿಳಾಸ ಕೇಳ್ತಾರೆ. ಥಾಯ್ಲೆಂಡ್, ಮಲೇಷ್ಯಾ ಎರಡಕ್ಕೂ ಇಳಿಯೋ ಮುಂಚಿನ ಮೂರು ದಿನದ ಒಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ಅಲ್ಲೂ ವಿಳಾಸ. ಆಮೇಲಿನದು ಅಲ್ಲೇ ಕೌಂಟರಲ್ಲಿ ಕೇಳಿ ಮುಂದುವರಿಸಿ. ಆದ್ರೆ ನಿಮ್ಮ ತಿಂಗಳು ಎಡವಟ್ಟು. ವಿಯೆಟ್ನಾಮಿನ ಹೊಸವರ್ಷ ಟೆಟ್ ಜನವರಿ ಕೊನೆ ಫೆಬ್ರವರಿ ನಡುವೆ ಬರುತ್ತೆ. ಜಂಬೂಸವಾರಿ ಹಿಂದಿನ ದಿನ ಮೈಸೂರಲ್ಲಿ ರೂಮು ಹುಡುಕಿದ್ದೀರಾ? ಹಾಗಿರುತ್ತೆ. ಬಸ್ಸು ರೈಲು ಫುಲ್, ಅಂಗಡಿ ಬಂದ್. ತಾರೀಖು ನೋಡಿ ಆ ವಾರ ಮಾತ್ರ ಪೂರ್ತಿ ಬುಕ್ ಮಾಡಿ.

ಮದ್ದೂರಿಂದ:

ರಾತ್ರಿ ಬಸ್ಸಲ್ಲಿ ಹೋದ್ರೆ ಒಂದು ದಿನದ ಬಾಡಿಗೆ ಉಳೀತು ಅಂತ ಎಲ್ಲಾ ಹೇಳ್ತಾರೆ, ನಂಬ್ಬೇಡಿ ಗುರು. ಹನೋಯ್‌ಯಿಂದ ಮಧ್ಯ ವಿಯೆಟ್ನಾಮಿನ ಹ್ಯೂಗೆ ಸ್ಲೀಪರ್ ಬಸ್ ಹತ್ತಿದೆ. ಚಪ್ಪಲಿ ಬಿಚ್ಚಿಸಿ ಪ್ಲಾಸ್ಟಿಕ್ ಕವರ್ ಕೊಟ್ರು. ಮೂರು ಸಾಲು, ಕೆಳಗೊಂದು ಮೇಲೊಂದು. ಸೀಟು ಐದೂವರೆ ಅಡಿ ಮನುಷ್ಯನಿಗೆ ಮಾಡಿರೋದು, ನಾನು ಆರಡಿ. ರಾತ್ರಿಯೆಲ್ಲಾ ಮಂಡಿ ಮಡಚ್ಕೊಂಡು ಕೂತೆ. ನಾಲ್ಕೂವರೆಗೆ ಇಳಿಸಿದ್ರು. ರೂಮು ಸಿಗೋದು ಮಧ್ಯಾಹ್ನ ಎರಡಕ್ಕೆ. ಹಾಸ್ಟೆಲ್ (ಡಾರ್ಮ್ ಇರೋ ಲಾಡ್ಜು) ಬಾಗಿಲು ಮುಚ್ಚಿತ್ತು, ಮೆಟ್ಟಿಲ ಮೇಲೆ ಕೂತು ಸೊಳ್ಳೆ ಹೊಡೆದೆ. ಮಾರನೇ ದಿನ ಪೂರ್ತಿ ನಿದ್ದೆ. ಏನು ಉಳೀತು?

ರೈಲಾದ್ರೆ ಬೇರೆ ಮಾತು. ಹನೋಯ್‌ಯಿಂದ ಸೈಗಾನ್ (ಈಗಿನ ಹೋ ಚಿ ಮಿನ್ ಸಿಟಿ) 1,726 ಕಿಲೋಮೀಟರ್ ಒಂದೇ ಲೈನು, ಹ್ಯೂ, ದನಾಂಗ್ ಎಲ್ಲಾ ಮಧ್ಯೆ ಬರುತ್ತೆ. ಆರು ಜನರ ಕಂಪಾರ್ಟ್‌ಮೆಂಟಲ್ಲಿ ಎಲ್ಲಕ್ಕಿಂತ ಮೇಲಿನ ಬರ್ತು ಕಮ್ಮಿ ರೇಟು. ಏಣಿ ಹತ್ತಿದ ಮೇಲೆ ಎದ್ದು ಕೂರೋಕಾಗಲ್ಲ, ಮಲಗೋಕೆ ಅಡ್ಡಿಯಿಲ್ಲ. ಬ್ಯಾಂಕಾಕಿಂದ ಸಂಜೆ ಹತ್ತಿದ್ರೆ ಬೆಳಿಗ್ಗೆ ಗಡಿಯ ಪಡಂಗ್ ಬೆಸಾರ್. ಅಲ್ಲಿ ಒಂದೇ ಸ್ಟೇಷನ್ನಲ್ಲಿ ಥಾಯ್ ಸೀಲು, ಮಲೇಷ್ಯಾ ಸೀಲು ಎರಡೂ ಹಾಕಿಸ್ಕೊಂಡು ಬಟರ್‌ವರ್ತ್ ರೈಲು ಹಿಡಿದು, ಫೆರೀಲಿ ಪೆನಾಂಗ್. ನಾನು ಮಾಡಿದ ಪ್ರಯಾಣದಲ್ಲೆಲ್ಲಾ ಇದೇ ಚೆನ್ನಾಗಿದ್ದಿದ್ದು. ಹಾಸಿಗೆ ಅವರೇ ಹಾಸಿಕೊಡ್ತಾರೆ. ಹಳೇ ಬರಹ ಓದಿ ಬ್ಯಾಂಕಾಕಿನ ಹುವಾ ಲಂಪೋಂಗ್ ಸ್ಟೇಷನ್ ಪಕ್ಕ ರೂಮು ಮಾಡ್ಬೇಡಿ, 2023ರ ಜನವರಿಯಿಂದ ದೂರದ ರೈಲು ಹೊರಡೋದು ಕ್ರುಂಗ್ ತೇಪ್ ಅಪಿವಾಟ್ ಅನ್ನೋ ಹೊಸ ಸ್ಟೇಷನ್ನಿಂದ.

ಮೈಸೂರು, ಗೋಕುಲಂನಿಂದ:

ನಾನು ಈ ದೇಶಗಳಿಗೆ ಹೋದವಳಲ್ಲ. ಆದರೆ ನಮ್ಮ ಬಡಾವಣೆಗೆ ಯೋಗ ಕಲಿಯಲು ಬರುವ ವಿದೇಶದವರಿಗೆ ಹತ್ತು ವರ್ಷ ಮಹಡಿ ರೂಮು ಬಾಡಿಗೆಗೆ ಕೊಟ್ಟಿದ್ದೇನೆ. ಕೌಂಟರಿನ ಈ ಕಡೆಯಿಂದ ಹೇಳುತ್ತೇನೆ.

ಒಂದು ರಾತ್ರಿಗೆ ಚೌಕಾಸಿ ಮಾಡುವವರಿಗೆ ನಾನು ಒಂದು ರೂಪಾಯಿ ಬಿಟ್ಟವಳಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದು, ರೂಮು ನೋಡಿ, ನಲ್ಲಿ ತಿರುಗಿಸಿ, ವಾರಕ್ಕೆ ಎಷ್ಟು ಎಂದು ಕೇಳಿದವರಿಗೆ ತಾನಾಗಿ ಕಡಿಮೆ ಮಾಡಿದ್ದೇನೆ. ನಡುವೆ ಯಾವ ಆ್ಯಪಿಗೂ ಕಮಿಷನ್ ಇಲ್ಲವಲ್ಲ, ಇಬ್ಬರಿಗೂ ಲಾಭ. ಒಬ್ಬ ಹುಡುಗಿ ಬಂದವಳೇ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಏನಾಯಿತಮ್ಮ ಎಂದರೆ ಬೆರಳೆತ್ತಿ ಸುಮ್ಮನಿರಿ ಎಂದಳು. ಎರಡು ನಿಮಿಷ ಕೇಳಿಸಿಕೊಂಡು ಎದ್ದು, ದೇವಸ್ಥಾನದ ಮೈಕು ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ಕೇಳಿದಳು. ಮೂರು ತಿಂಗಳು ಇದ್ದಳು. ನೀವೂ ಹಾಗೆ ಮಾಡಿ.

ಪಾಸ್‌ಪೋರ್ಟ್ ಕೇಳಿದರೆ ಗಾಬರಿಯಾಗಬೇಡಿ. ವಿದೇಶದವರು ಬಂದು 24 ಗಂಟೆಯೊಳಗೆ ನಾವು ಇಲ್ಲಿ ಸರ್ಕಾರಕ್ಕೆ ತಿಳಿಸಬೇಕು, ಥಾಯ್ಲೆಂಡಿನಲ್ಲೂ 24 ಗಂಟೆಯ ನಿಯಮವೇ ಎಂದು ನಮ್ಮ ಮನೆಯಲ್ಲಿದ್ದವರೇ ಹೇಳುತ್ತಿದ್ದರು. ಫೋಟೋ ತೆಗೆದುಕೊಳ್ಳಲಿ, ನಕಲು ಕೊಡಿ. ಪಾಸ್‌ಪೋರ್ಟನ್ನೇ ರಾತ್ರಿಯಿಡೀ ಅವರ ಡ್ರಾಯರಿನಲ್ಲಿ ಬಿಡಬೇಡಿ.

ಇನ್ನೊಂದು. ನೀವು ಇಬ್ಬರಿದ್ದೀರಿ. ಎರಡು ಡಾರ್ಮ್ ಹಾಸಿಗೆಯ ದುಡ್ಡಿಗೆ ಫ್ಯಾನಿನ ಡಬಲ್ ರೂಮೇ ಸಿಗುವುದಿಲ್ಲವೇ? ಅಮ್ಮನಿಗೂ ಸಮಾಧಾನ.

ಕುವೆಂಪುನಗರದಿಂದ, ಮತ್ತೆ:

ಆಂಟಿ ಹೇಳಿದ್ದು ನೂರಕ್ಕೆ ನೂರು, ನಾನು ಒಬ್ಬಳೇ ಇದ್ದೆ ಅಂತ ಹೊಳೀಲಿಲ್ಲ. ವಿಯೆಟ್ನಾಮಿನ ಚಿಕ್ಕ ಊರುಗಳಲ್ಲಿ ಮನೆಯವರೇ ನಡೆಸೋ ಗೆಸ್ಟ್‌ಹೌಸ್ ಇರುತ್ತೆ, 'Nhà nghỉ' (ನ್ಯಾ ಙಿ) ಅಂತ ಬೋರ್ಡು. ಇಬ್ಬರಿಗೆ ಡಾರ್ಮಿಗಿಂತ ಅದೇ ಅಗ್ಗ ಆಗಬಹುದು. ಆದ್ರೂ ಹನೋಯ್ ಮೊದಲ ಎರಡು ರಾತ್ರಿ ಡಾರ್ಮಲ್ಲೇ ಇರಿ ಅಂತೀನಿ. ಯಾವ ಬಸ್ಸು, ಎಲ್ಲಿ ಸಿಮ್ಮು, ಯಾರು ಮೋಸ ಮಾಡ್ತಾರೆ ಎಲ್ಲಾ ಪಕ್ಕದ ಮಂಚದವರೇ ಹೇಳ್ತಾರೆ.

ಶ್ರೀರಂಗಪಟ್ಟಣದಿಂದ:

ಮೋಸ ಅಂದ್ರಲ್ಲ, ಅದಕ್ಕೆ ನಾನು. ಹನೋಯ್‌ನಲ್ಲಿ ಒಂದು ಹಾಸ್ಟೆಲ್ ಹೆಸರು ಮಾಡಿದ್ರೆ ಅದೇ ಹೆಸರಲ್ಲಿ ಇನ್ನೊಂದೆರಡು ಎದ್ದಿರುತ್ತೆ. ಟ್ಯಾಕ್ಸಿಯವನು ಕರ್ಕೊಂಡು ಹೋಗಿ ಇಳಿಸಿದ, ಬೋರ್ಡು ಸರಿ ಇತ್ತು. ಬುಕಿಂಗ್ ತೋರಿಸಿದ್ರೆ 'ನಿಮ್ಮ ರೂಮು ಸೋರ್ತಿದೆ, ಬೇರೆ ಕೊಡ್ತೀವಿ' ಅಂತ ಡಬಲ್ ರೇಟು. ಬೀದಿ ಹೆಸರು, ಬಾಗಿಲ ನಂಬರು ನೋಡಿದ ಮೇಲೆ ಗೊತ್ತಾಯ್ತು, ನನ್ನದು ಎರಡು ಬೀದಿ ಆಚೆ. ಹೆಸರು ಹೇಳ್ಬೇಡಿ, ವಿಳಾಸ ತೋರಿಸಿ, ಮ್ಯಾಪ್ ಕೈಯಲ್ಲೇ ಇರಲಿ.

ಏರ್‌ಪೋರ್ಟ್: ಬೆಳಿಗ್ಗೆ ಆರರ ಫ್ಲೈಟಿದ್ರೆ ಮಲಗಿ, ಯಾರೂ ಎಬ್ಬಿಸಲ್ಲ, ನನ್ನನ್ನಂತೂ ಎಬ್ಬಿಸಲಿಲ್ಲ. ಚಳಿ ಮಾತ್ರ ವಿಪರೀತ, ಶಾಲು ಬೇಕು. ಕ್ವಾಲಾಲಂಪುರ ಏರ್‌ಪೋರ್ಟಲ್ಲಿ ಗಂಟೆ ಲೆಕ್ಕಕ್ಕೆ ಗೂಡಿನಂಥ ಹಾಸಿಗೆ ಇದೆ, 800ಕ್ಕೆ ಬರಲ್ಲ. ಊರಿಗೆ ಹೋಗೋಕೆ ಎಕ್ಸ್‌ಪ್ರೆಸ್ ರೈಲಿಗೆ 55 ರಿಂಗಿಟ್, ಬಸ್ಸಿಗೆ ಸುಮಾರು 15. ಇಳಿಯೋದು ಕೆಎಲ್ ಸೆಂಟ್ರಲ್, ಪಕ್ಕದಲ್ಲೇ ನಮ್ಮ ದೇಶದವರ ಬಡಾವಣೆ ಬ್ರಿಕ್‌ಫೀಲ್ಡ್ಸ್. ಅಲ್ಲೇ ರೂಮು ಮಾಡಿ, ಮೂರು ವಾರ ಆದ್ಮೇಲೆ ಇಡ್ಲಿ ಕಂಡ್ರೆ ಕಣ್ಣಲ್ಲಿ ನೀರು ಬರುತ್ತೆ. ಮಲೇಷ್ಯಾದಲ್ಲಿ ವಿದೇಶದವರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸ ತೆರಿಗೆ, ಆ್ಯಪಲ್ಲಿ ತೋರಿಸಿದ ರೇಟಿಗೆ ಬಹಳ ಸಲ ಸೇರಿರಲ್ಲ, ಕೌಂಟರಲ್ಲಿ ಕೇಳ್ತಾರೆ. ಜಗಳ ಆಡಿ ನಗೆಪಾಟಲಾಗ್ಬೇಡಿ (ನಾನು ಆದೆ).

ಕೇಳಿದವರು, ಮಂಡ್ಯದಿಂದ:

ಎಲ್ಲರಿಗೂ ಥ್ಯಾಂಕ್ಸ್. ಛತ್ರದ ಮಾತು ಕೆಲಸ ಮಾಡ್ತು, ಅಮ್ಮ ನಕ್ಕರು. ಹನೋಯ್ ಎರಡು ರಾತ್ರಿ ಡಾರ್ಮ್, ಆಮೇಲೆ ಇಬ್ಬರಿಗೂ ಸೇರಿ ರೂಮು, ಬ್ಯಾಂಕಾಕಿಂದ ರೈಲು. ಟೆಟ್ ನಮ್ಮ ದಾರಿ ಮಧ್ಯಕ್ಕೇ ಬಂದಿದೆ, ಆ ವಾರ ಇವತ್ತೇ ಬುಕ್ ಮಾಡ್ತೀನಿ. ಇನ್ನೆರಡು ಡೌಟು. ದಿನಕ್ಕೆ ನಾಲ್ಕೈದು ಗಂಟೆ ಹಾಸ್ಟೆಲಲ್ಲಿ ಕೆಲಸ ಮಾಡಿದ್ರೆ ಮಲಗೋಕೆ ಪುಕ್ಕಟೆ ಅಂತಾರಲ್ಲ, ಅದು ಹೇಗೆ? ಆಮೇಲೆ ಲಾಕರಿಗೆ ಬೀಗ ಅವರೇ ಕೊಡ್ತಾರಾ?

ಶ್ರೀರಂಗಪಟ್ಟಣದಿಂದ:

ಟೂರಿಸ್ಟ್ ವೀಸಾದಲ್ಲಿ ಕೆಲಸ ಬೇಡ. ಸಂಬಳ ಇಲ್ಲದಿದ್ರೂ ಹಾಸಿಗೆ ಕೊಟ್ಟಿದ್ದೇ ಕೂಲಿ ಅಂತ ಹಿಡಿದ್ರೆ ಏನ್ ಮಾಡ್ತೀರಾ? 24 ದಿನಕ್ಕೆ ಆ ಉಸಾಬರಿ ಯಾಕೆ.

ಮದ್ದೂರಿಂದ:

ಬೀಗ ಬಹಳ ಕಡೆ ಕೊಡಲ್ಲ, ಕೊಟ್ರೂ ಬಾಡಿಗೆ. ಸೂಟ್‌ಕೇಸಿನ ಪುಟಾಣಿ ಬೀಗ ಬೇಡ, ದೊಡ್ಡ ಗೋದ್ರೆಜ್ ಬೀಗದ ಕೊಂಡಿ ಲಾಕರ್ ತೂತಿಗೆ ಹೋಗಲ್ಲ. ಪೇಟೆ ಬೀದೀಲಿ ಮಧ್ಯಮ ಸೈಜಿನದು ತಗೊಳ್ಳಿ. ಎರಡು ಕೀ ಬರುತ್ತೆ, ಒಂದು ನಿಮ್ಮ ಹತ್ರ, ಇನ್ನೊಂದು ಗೆಳೆಯನ ಜೇಬಲ್ಲಿ. ನಾನು ಎರಡನ್ನೂ ಒಂದೇ ರಿಂಗಿಗೆ ಹಾಕಿ, ರಿಂಗನ್ನ ಪ್ಯಾಂಟ್ ಜೇಬಲ್ಲಿಟ್ಟು, ಪ್ಯಾಂಟನ್ನ ಲಾಕರ್ ಒಳಗಿಟ್ಟು ಅಮುಕಿ ಬೀಗ ಹಾಕಿದ್ದೆ. ಟವೆಲ್ ಸುತ್ಕೊಂಡು ಕೆಳಗೆ ಹೋದ್ರೆ ರಿಸೆಪ್ಶನ್ ಹುಡುಗಿ ನನ್ನ ಮುಖಾನೂ ನೋಡದೆ ಮೇಜಿನ ಕೆಳಗಿಂದ ಕಬ್ಬಿಣದ ಕಟ್ಟರ್ ತೆಗೆದು ಕೊಟ್ಟಳು. ವಾರಕ್ಕೆ ಒಬ್ಬ ಬರ್ತಾನಂತೆ.