ಮಾವಿನ ಬಾಕ್ಸ್ ಮಾರೋಕೆ ಎಫ್‌ಎಸ್‌ಎಸ್‌ಎಐ ನಂಬರ್ ಬೇಕಾ? ಲೆಕ್ಕದ ಪುಸ್ತಕದಲ್ಲಿ ಏನೇನು ಇರಬೇಕು?

ತೋಪಿನಮನೆ (ಶ್ರೀನಿವಾಸಪುರ ತಾಲ್ಲೂಕು):

ನಮ್ಮದು ಮಾವಿನ ತೋಪು. ತೋತಾಪುರಿಯೆಲ್ಲ ಮಂಡಿಗೇ ಹೋಗುತ್ತೆ. ಬಾದಾಮಿ, ಮಲ್ಲಿಕಾ ಮಾತ್ರ ಮನೆ ಪಕ್ಕದ ಶೀಟ್ ಶೆಡ್ಡಲ್ಲಿ ಆರಿಸಿ, ಮೂರು ಕೆಜಿ ಬಾಕ್ಸ್ ಮಾಡಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ಕಳಿಸ್ತೀವಿ. ಈ ಸಲ ಆರ್ಡರ್ ಜಾಸ್ತಿ ಇದೆ, ನಮ್ಮ ಕಾಯಿ ಸಾಲಲ್ಲ. ಮೈದುನನ ತೋಪಿಂದಲೂ ಪಕ್ಕದೂರಿನ ಇಬ್ಬರ ಹತ್ತಿರವೂ ಕೊಂಡ್ಕೋಬೇಕು ಅಂತಿದ್ದೀನಿ. ಒಂದು ಅಪಾರ್ಟ್‌ಮೆಂಟ್ ಸಂಘದವರು ಬಿಲ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡೋದು) ಇರಲೇಬೇಕು ಅಂದರು. ಊರಲ್ಲಿ ಕೇಳಿದರೆ ರೈತರಿಗೆ ಅದೆಲ್ಲ ಇಲ್ಲ ಅಂತಾರೆ. ಯಾವುದು ಸರಿ? ಪುಸ್ತಕ ಇಡಬೇಕು ಅಂದರೆ ಏನು ಬರೀಬೇಕು? ಶೆಡ್ಡಲ್ಲಿ ಬರೆಯೋಳು ನಾನೊಬ್ಬಳೇ, ಸುಲಭವಾಗಿ ಹೇಳಿ.

ಬಯಲುಸೀಮೆ:

ರೈತರಿಗೆ ಬೇಡ ಮೇಡಂ. ಸುಮ್ಮನೆ ಮಾರಿ.

ಚಿಂತಾಮಣಿ ಪ್ಯಾಕಿಂಗ್ ಶೆಡ್:

ಮೇಲಿನವರು ಹೇಳಿದ್ದು ಅರ್ಧ ಮಾತ್ರ ಸರಿ. ಅದನ್ನೇ ನಂಬಬೇಡಿ ಅಕ್ಕ.

2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಬೆಳೆದವನ ಕೈಯಲ್ಲಿರೋ ಹಣ್ಣು ಕಾಯ್ದೆಯ ಲೆಕ್ಕಕ್ಕೆ ಬರಲ್ಲ. ಅದೇ ಹಣ್ಣು ರೈತನಲ್ಲದವನ ಕೈ ಸೇರಿದ ಕೂಡಲೇ ಬರುತ್ತೆ. ನಿಮ್ಮ ತೋಪಿನ ಬಾದಾಮಿ ನೀವೇ ಮಾರೋವರೆಗೆ ನೀವು ರೈತರು. ಮೈದುನನ ಕಾಯಿ ಕೊಂಡು ನಿಮ್ಮ ಬಾಕ್ಸಿಗೆ ಹಾಕಿದಿರಿ ಅಂದರೆ, ಸ್ವಂತದವರೇ ಆದರೂ, ಅಲ್ಲಿಂದ ನಿಮ್ಮದು ವ್ಯಾಪಾರ. ಈ ಸಲ ನೀವು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು.

ಅದೇನೂ ಕಷ್ಟ ಇಲ್ಲ. ಅವರದೇ ಆನ್‌ಲೈನ್ ಫಾಸ್ಕಾಸ್ ಪೋರ್ಟಲ್‌ನಲ್ಲಿ ಫಾರ್ಮ್ ಎ ತುಂಬಿ, ಫೋಟೋ, ಗುರುತಿನ ಚೀಟಿ, ಶೆಡ್ಡಿನ ವಿಳಾಸದ ದಾಖಲೆ ಹಾಕಿ. 2011ರ ನಿಯಮಾವಳಿ ಬಂದಾಗ ವರ್ಷಕ್ಕೆ 12 ಲಕ್ಷದ ಒಳಗಿನ ವಹಿವಾಟಿಗೆ ನೋಂದಣಿ, ಅದರ ಮೇಲೆ ಲೈಸೆನ್ಸ್ ಅಂತ ಇತ್ತು. ನಾನು ಮಾಡಿಸಿದಾಗ ಶುಲ್ಕ ವರ್ಷಕ್ಕೆ 100 ರೂಪಾಯಿ. ಇವತ್ತಿನ ಮಿತಿ ಎಷ್ಟು, ಶುಲ್ಕ ಎಷ್ಟು ಅಂತ ಪೋರ್ಟಲ್‌ನಲ್ಲೇ ನೋಡಿಕೊಂಡು ತುಂಬಿ. 14 ಅಂಕಿಯ ನಂಬರ್ ಬರುತ್ತೆ. ಪ್ರಮಾಣಪತ್ರ ಶೆಡ್ಡಲ್ಲಿ ಎದುರಿಗೆ ಕಾಣೋ ಹಾಗೆ ಹಾಕಿ. 2022ರ ಜನವರಿಯಿಂದ ಬಿಲ್ ಮೇಲೂ ಆ ನಂಬರ್ ಕಡ್ಡಾಯ. ಸಂಘದವರು ಕೇಳಿದ್ದರಲ್ಲಿ ತಪ್ಪಿಲ್ಲ.

ಪುಸ್ತಕದ ವಿಷಯಕ್ಕೆ ಬರ್ತೀನಿ, ನನಗೆ ನೋಂದಣಿಗಿಂತ ಇದೇ ದೊಡ್ಡದು. ಯಾರೋ ಒಬ್ಬರು ಫೋನ್ ಮಾಡಿ ಹಣ್ಣು ತಿಂದು ಬಾಯಿ ಉರಿ ಬಂತು ಅಂದರೆ, ಆ ಬಾಕ್ಸ್ ಯಾವ ತೋಪಿನದು, ಅದೇ ದಿನದ ಉಳಿದ ಬಾಕ್ಸ್ ಯಾರ ಮನೆಗೆ ಹೋಗಿವೆ ಅಂತ ಆ ಕ್ಷಣವೇ ಹೇಳೋಕೆ ಆಗಬೇಕು. ಆಗದಿದ್ದರೆ ಎಲ್ಲ ಬಾಕ್ಸೂ ವಾಪಸ್ ಕರೆಸಬೇಕಾಗುತ್ತೆ.

ಒಂದೇ ಉದ್ದ ನೋಟ್‌ಬುಕ್ ಸಾಕು. ಎಡಗಡೆ ಪುಟದಲ್ಲಿ ಬಂದದ್ದು: ತಾರೀಕು, ಯಾರ ತೋಪು, ತಳಿ, ಎಷ್ಟು ಕ್ರೇಟ್, ಕೊನೇ ಔಷಧಿ ಯಾವುದು, ಹೊಡೆದದ್ದು ಯಾವತ್ತು. ಔಷಧಿ ಡಬ್ಬಿಯ ಮೇಲೆ ಕೊಯ್ಲಿಗೆ ಮುಂಚೆ ಎಷ್ಟು ದಿನ ಬಿಡಬೇಕು ಅಂತ ಇರುತ್ತೆ, ಅದನ್ನ ನೋಡದೆ ಯಾರ ಕಾಯೂ ಇಳಿಸಿಕೊಳ್ಳಬೇಡಿ. ಬೇಜಾರಾಗ್ತಾರೆ, ಆಗಲಿ. ಬಲಗಡೆ ಹೋದದ್ದು: ಬಾಕ್ಸ್ ನಂಬರ್, ಯಾರಿಗೆ, ಯಾವತ್ತು, ಬಿಲ್ ನಂಬರ್. ಎರಡನ್ನೂ ಕೂಡಿಸೋದು ಬಾಕ್ಸಿನ ಮೇಲಿನ ಗುರುತು. ಮೈದುನನ ತೋಪಿಗೆ ‘ಬ’ ಅಂತ ಇಟ್ಟುಕೊಂಡರೆ ಮೇ 12ರ ಬಾಕ್ಸಿಗೆಲ್ಲ ‘ಬ-12-5’ ಅಂತ ಸ್ಕೆಚ್ ಪೆನ್ನಲ್ಲಿ ಬರೀರಿ. ಎರಡು ತೋಪಿನ ಕಾಯಿ ಒಂದೇ ಬಾಕ್ಸಿಗೆ ಹೋಗಬಾರದು.

ಕಾಯಿ ಹಣ್ಣಾಗೋಕೆ ಹಾಕಿದ್ದು ಹೇಗೆ ಅಂತಲೂ ಒಂದು ಸಾಲು ಬೇಕು. ಹುಲ್ಲಲ್ಲಿ ಹಾಕಿದಿರಾ, ಎಥಿಲೀನ್ ಅನಿಲದ ಕೋಣೆಗೆ ಕಳಿಸಿದಿರಾ ಅಂತ. ಎಥಿಲೀನ್ 100 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 100 ಭಾಗ) ವರೆಗೆ ಒಪ್ಪಿಗೆ ಇದೆ. ಕಾಯಿ ಬೇಗ ಹಣ್ಣಾಗಲಿ ಅಂತ ಇಡೋ ಕಾರ್ಬೈಡ್ ಪೂರ್ತಿ ನಿಷೇಧ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುತ್ತೆ, ಮಕ್ಕಳು ತಿನ್ನೋ ಹಣ್ಣಿಗೆ ಅದು ತಾಗಲೇಬಾರದು. ಹೊರಗಿಂದ ತರೋ ಕಾಯಿಯ ಕ್ರೇಟಿನ ಅಡಿಯಲ್ಲಿ ಕಾರ್ಬೈಡ್ ಪೊಟ್ಟಣ ಇದೆಯಾ ಅಂತ ಪ್ರತಿ ಸಲ ನೀವೇ ಕೈಹಾಕಿ ನೋಡಿ.

ಗುಬ್ಬಿ ಹಲಸು:

ಚೇಳೂರು ಕಡೆಯವನು ನಾನು, ಹಲಸಿನ ವ್ಯಾಪಾರ. ಎರಡು ವಿಷಯ ಸೇರಿಸ್ತೀನಿ. ಹಣ್ಣನ್ನ ನ್ಯೂಸ್‌ಪೇಪರಲ್ಲಿ ಸುತ್ತಬೇಡಿ, 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಬರೀ ಬಿಳಿ ಕಾಗದ ತಗೊಳ್ಳಿ, ಇಲ್ಲ ಒಣಹುಲ್ಲು ಹಾಸಿ. ಇನ್ನೊಂದು, ಇಡೀ ಹಣ್ಣು ಬೇರೆ, ಕೊಯ್ದ ಹಣ್ಣು ಬೇರೆ. ನಾವು ತೊಳೆ ಬಿಡಿಸಿ ಡಬ್ಬಿಗೆ ಹಾಕೋಕೆ ಶುರು ಮಾಡಿದ ಮೇಲೆ ಕೆಲಸದವರ ಆರೋಗ್ಯ ತಪಾಸಣೆ, ಕುಡಿಯೋ ಯೋಗ್ಯತೆಯ ನೀರು, ಕೈ ತೊಳೆಯೋ ಜಾಗ ಎಲ್ಲ ಬಿಗಿಯಾಗಿ ನೋಡಬೇಕಾಯ್ತು. ಸ್ವಂತ ತೋಟದ್ದು ಅನ್ನೋ ಮಾತು ಅಲ್ಲಿ ನಡೆಯಲ್ಲ.

ತೋಪಿನಮನೆ:

ಕೊಯ್ದದ್ದು ಮಾರೋ ಯೋಚನೆ ಇಲ್ಲ ಅಣ್ಣ, ಇಡೀ ಹಣ್ಣೇ. ಚಿಂತಾಮಣಿ ಅಣ್ಣ, ಪಕ್ಕದೂರಿನ ಒಬ್ಬರಿಗೆ ಔಷಧಿ ಹೆಸರು ನೆನಪಿಲ್ಲವಂತೆ, ಅಂಗಡಿಯವರು ಕೊಟ್ಟದ್ದು ಹೊಡೆದೆ ಅಂತಾರೆ. ಅವರ ಕಾಯಿ ತಗೊಳ್ಳಲಾ?

ಚಿಂತಾಮಣಿ ಪ್ಯಾಕಿಂಗ್ ಶೆಡ್:

ಈಗಲೇ ಬೇಡ ಅಕ್ಕ. ಡಬ್ಬಿ ತೋಪಲ್ಲೇ ಎಲ್ಲಾದರೂ ಬಿದ್ದಿರುತ್ತೆ, ಇಲ್ಲ ಅಂಗಡಿಯ ಬಿಲ್ ಇರುತ್ತೆ. ಎರಡರಲ್ಲಿ ಒಂದರ ಫೋಟೋ ಕಳಿಸಿ ಅನ್ನಿ. ಹೆಸರು, ತಾರೀಕು ಎರಡೂ ಸಿಕ್ಕ ಮೇಲೆ ದಿನ ಎಣಿಸಿ ಇಳಿಸಿಕೊಳ್ಳಿ. ಸಿಗದಿದ್ದರೆ ಆ ಕಾಯಿ ನಿಮ್ಮ ಶೆಡ್ಡಿಗೆ ಬರೋದು ಬೇಡ.

ತೋಪಿನಮನೆ:

ಇವತ್ತು ಸಂಜೆಯೇ ಕೇಳ್ತೀನಿ. ಫಾರ್ಮ್ ಎ ನಾಳೆ ಮಗಳ ಕೈಲಿ ತುಂಬಿಸ್ತೀನಿ.